ಬೀದಿಗೆ ಜೂಜಿನಂಗಡಿ ಬಂದರೆ ಕೌನ್ಸಿಲ್ ತಡೆಯಬಹುದಾ?

ಪ್ರಶ್ನೆ: ನಾವು ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿದ್ದೇವೆ. ನಮ್ಮ ಹೈ ಸ್ಟ್ರೀಟ್‌ನಲ್ಲಿ ಬ್ಯಾಂಕ್ ಮುಚ್ಚಿಹೋದ ಕಟ್ಟಡಕ್ಕೆ ಸ್ಲಾಟ್ ಮೆಷಿನ್‌ಗಳ ಅಂಗಡಿ ಬರುತ್ತಿದೆ. ಕಿಟಕಿಗೆ ನೋಟಿಸ್ ಅಂಟಿಸಿದ್ದಾರೆ. ದಿನದ 24 ಗಂಟೆಯೂ ತೆರೆದಿರುತ್ತದಂತೆ. ಅದೇ ಬೀದಿಯಲ್ಲಿ ಈಗಾಗಲೇ ಮೂರು ಬೆಟ್ಟಿಂಗ್ ಶಾಪ್ ಇವೆ. ನಾವು ಸಹಿ ಸಂಗ್ರಹ ಶುರು ಮಾಡಿದ್ದೇವೆ. ಕೌನ್ಸಿಲ್ ಮನಸ್ಸು ಮಾಡಿದರೆ ಲೈಸೆನ್ಸ್ ಕೊಡದೇ ಇರಬಹುದಲ್ವಾ? ಇನ್ನೊಂದು ವಿಷಯ. ನಮ್ಮ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ರಾಫೆಲ್ (ಚೀಟಿ ಎತ್ತಿ ಬಹುಮಾನ ಕೊಡುವ ಆಟ) ಟಿಕೆಟ್ ಮಾರುತ್ತೇವೆ. ಅದಕ್ಕೂ ಲೈಸೆನ್ಸ್ ಬೇಕು ಅಂತ ಒಬ್ಬರು ಹೆದರಿಸಿದ್ದಾರೆ. ನಿಜವಾ?

ಉತ್ತರ: ಮೊದಲು ಹೋಗಿ ಆ ನೋಟಿಸ್‌ನಲ್ಲಿರುವ ತಾರೀಖು ನೋಡಿ. ಅರ್ಜಿ ಹಾಕಿದ ದಿನದಿಂದ 28 ದಿನ ಮಾತ್ರ ನಿಮಗೆ ಸಮಯ. ಅದರೊಳಗೆ ನಿಮ್ಮ ಆಕ್ಷೇಪಣೆ ಬರಹದಲ್ಲಿ ಕೌನ್ಸಿಲ್ ತಲುಪಬೇಕು. 29ನೇ ದಿನ ಸಾವಿರ ಸಹಿ ತೆಗೆದುಕೊಂಡು ಹೋದರೂ ಪ್ರಯೋಜನವಿಲ್ಲ. ಸಹಿ ಸಂಗ್ರಹಕ್ಕೆಂದು ವಾರಗಟ್ಟಲೆ ಓಡಾಡಿ, ಕೊನೆಗೆ ಗಡುವು ಮುಗಿದಿದೆ ಎಂದು ತಿಳಿದು ತಲೆ ಮೇಲೆ ಕೈ ಇಟ್ಟುಕೊಳ್ಳುವವರು ಜಾಸ್ತಿ.

ಅದು ಯಾವುದರ ನೋಟಿಸ್ ಎಂಬುದನ್ನೂ ನೋಡಿ. ಪ್ಲಾನಿಂಗ್ ಅರ್ಜಿಯದ್ದಾ (ಅಂದರೆ ಕಟ್ಟಡದ ಬಳಕೆ ಬದಲಾಯಿಸಲು ಅನುಮತಿ ಕೇಳುವುದು), ಜೂಜಿನ ಲೈಸೆನ್ಸ್ ಅರ್ಜಿಯದ್ದಾ? ಎರಡೂ ಹೋಗುವುದು ಅದೇ ಕೌನ್ಸಿಲ್‌ಗೇ. ಆದರೆ ವಿಭಾಗ ಬೇರೆ, ಕಾನೂನು ಬೇರೆ, ಗಡುವು ಬೇರೆ. ಒಂದಕ್ಕೆ ಹೇಳುವ ಕಾರಣ ಇನ್ನೊಂದಕ್ಕೆ ನಡೆಯುವುದಿಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕೌನ್ಸಿಲ್ 'ಮನಸ್ಸು ಮಾಡಿದರೆ' ನಿರಾಕರಿಸಬಹುದಾ? ಇಲ್ಲ. ಕೌನ್ಸಿಲರ್‌ಗಳೆಲ್ಲ ನಿಮ್ಮ ಪರ ಇದ್ದರೂ, ಒಬ್ಬೊಬ್ಬರೂ ಆ ಅಂಗಡಿ ಬೇಡ ಎಂದುಕೊಂಡಿದ್ದರೂ, ಅಷ್ಟರಿಂದಲೇ ನಿರಾಕರಿಸುವಂತಿಲ್ಲ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗೆ ಅನ್ವಯಿಸುವ 2005ರ ಗ್ಯಾಂಬ್ಲಿಂಗ್ ಆ್ಯಕ್ಟ್ ಲೈಸೆನ್ಸ್ ಕೊಡುವ ಕಡೆಗೇ ವಾಲಿದೆ. ಅದರ 153ನೇ ಸೆಕ್ಷನ್ ಹೇಳುವುದು ಸ್ಥೂಲವಾಗಿ ಹೀಗೆ: ಅರ್ಜಿ ಜೂಜಿನ ಉದ್ಯಮವನ್ನು ನಿಯಂತ್ರಿಸುವ ಗ್ಯಾಂಬ್ಲಿಂಗ್ ಕಮಿಷನ್ನಿನ ನಿಯಮ ಮತ್ತು ಮಾರ್ಗಸೂಚಿಗೆ, ಕೌನ್ಸಿಲ್‌ನ ಸ್ವಂತ ನೀತಿಗೆ, ಕಾಯ್ದೆಯ ಮೂರು ಉದ್ದೇಶಗಳಿಗೆ (ಅವು ಯಾವುವು ಎಂದು ಮುಂದೆ ಹೇಳುತ್ತೇನೆ) ಹೊಂದುವ ಮಟ್ಟಿಗೆ, ಅನುಮತಿ ಕೊಡುವುದೇ ಕೌನ್ಸಿಲ್‌ನ ಗುರಿಯಾಗಿರಬೇಕು. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಇಲ್ಲಿ ಇಂಥ ಅಂಗಡಿಗೆ ಬೇಡಿಕೆ ಇದೆಯೋ ಇಲ್ಲವೋ ಎಂಬುದನ್ನು ಕೌನ್ಸಿಲ್ ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. 'ಈಗಾಗಲೇ ಮೂರು ಇವೆ, ನಾಲ್ಕನೆಯದು ಯಾಕೆ' ಎಂಬ ನಿಮ್ಮ ವಾದ ಬಿದ್ದುಹೋಗುವುದು ಇಲ್ಲೇ.

ಮೊದಲು ಹೀಗಿರಲಿಲ್ಲ. ಬ್ರಿಟನ್ನಿನಲ್ಲಿ ಬೆಟ್ಟಿಂಗ್ ಶಾಪ್‌ಗಳು ಕಾನೂನುಬದ್ಧವಾಗಿ ಬಾಗಿಲು ತೆರೆದದ್ದು 1961ರ ಮೇ ತಿಂಗಳಲ್ಲಿ. ಆಗ ಲೈಸೆನ್ಸ್ ಕೊಡುತ್ತಿದ್ದವರು ಮ್ಯಾಜಿಸ್ಟ್ರೇಟರು. ಇನ್ನೊಂದು ಅಂಗಡಿಯ ಅಗತ್ಯ ಈ ಜಾಗದಲ್ಲಿ ಇದೆಯಾ ಎಂದು ಅವರು ಕೇಳಬಹುದಿತ್ತು. ಜೂಜಾಡುವ ಆಸೆ ಇದ್ದವನಿಗೆ ಜಾಗ ಇರಲಿ, ಇಲ್ಲದವನಲ್ಲಿ ಆಸೆ ಹುಟ್ಟಿಸುವುದು ಬೇಡ ಎಂಬುದು ಆ ಕಾಲದ ಧೋರಣೆ. 2005ರ ಕಾಯ್ದೆ ಆ ಧೋರಣೆಯನ್ನೇ ಕೈಬಿಟ್ಟಿತು. ಜೂಜು ದೊಡ್ಡವರು ತಮ್ಮ ಇಷ್ಟದಂತೆ ಆರಿಸಿಕೊಳ್ಳುವ ಒಂದು ಮನರಂಜನೆ, ನಿಯಂತ್ರಣದಲ್ಲಿ ನಡೆದರೆ ಸಾಕು ಎಂದಿತು. 2007ರ ಸೆಪ್ಟೆಂಬರ್ 1ರಿಂದ ಅಂಗಡಿಗಳ ಲೈಸೆನ್ಸ್ ಕೆಲಸ ಮ್ಯಾಜಿಸ್ಟ್ರೇಟರಿಂದ ಕೌನ್ಸಿಲ್‌ಗಳ ಕೈಗೆ ಬಂತು. ಸ್ಕಾಟ್ಲೆಂಡ್‌ನಲ್ಲಿ ಇದನ್ನು ಮಾಡುವುದು ಲೈಸೆನ್ಸಿಂಗ್ ಬೋರ್ಡ್‌ಗಳು. ಉತ್ತರ ಐರ್ಲೆಂಡ್‌ಗೆ ಪೂರ್ತಿ ಬೇರೆಯದೇ ಕಾನೂನಿದೆ. ಕೆಲಸವೇನೋ ಜನರಿಂದ ಆಯ್ಕೆಯಾದವರ ಕೈಗೆ ಬಂತು, ಆದರೆ 'ಬೇಡ' ಎನ್ನುವ ಅಧಿಕಾರ ಅದರ ಜೊತೆಗೆ ಬರಲಿಲ್ಲ. ನನ್ನ ಮಟ್ಟಿಗೆ ಇದು ಆ ಕಾಯ್ದೆಯ ದೊಡ್ಡ ಕೊರತೆ. ಬೈಗುಳವೆಲ್ಲ ಕೌನ್ಸಿಲರ್‌ಗೆ, ಕಟ್ಟುಪಾಡೆಲ್ಲ ಪಾರ್ಲಿಮೆಂಟಿನದು.

ಯಾರ ಕೈಯಲ್ಲಿ ಏನಿದೆ ಎಂಬುದೂ ಗೊತ್ತಿರಲಿ. ಜೂಜಿನ ವ್ಯಾಪಾರ ಮಾಡುವ ಕಂಪನಿಗೆ ಮೊದಲು ಆಪರೇಟಿಂಗ್ ಲೈಸೆನ್ಸ್ ಬೇಕು. ಅದನ್ನು ಕೊಡುವುದು ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಗ್ಯಾಂಬ್ಲಿಂಗ್ ಕಮಿಷನ್. ಕಂಪನಿ ನಂಬುವಂಥದ್ದಾ, ದುಡ್ಡಿನ ಮೂಲ ಸರಿಯಿದೆಯಾ, ಆಟ ನ್ಯಾಯವಾಗಿ ನಡೆಯುತ್ತದಾ ಎಂದೆಲ್ಲ ನೋಡುವುದು ಅವರ ಕೆಲಸ. ಆನ್‌ಲೈನ್ ಜೂಜು ಪೂರ್ತಿ ಅವರ ಸುಪರ್ದಿಗೇ ಸೇರಿದ್ದು, ಕೌನ್ಸಿಲ್‌ಗೆ ಅದರಲ್ಲಿ ಕಿಂಚಿತ್ತೂ ಮಾತಿಲ್ಲ. ಕೌನ್ಸಿಲ್ ಕೊಡುವುದು ಪ್ರಿಮೈಸಸ್ ಲೈಸೆನ್ಸ್, ಅಂದರೆ 'ಈ ಕಟ್ಟಡದಲ್ಲಿ ಈ ಬಗೆಯ ಜೂಜು ನಡೆಸಬಹುದು' ಎಂಬ ಅನುಮತಿ. ಕ್ಯಾಸಿನೊ, ಬಿಂಗೊ, ಬೆಟ್ಟಿಂಗ್ ಶಾಪ್ ಮತ್ತು ರೇಸ್ ಟ್ರ್ಯಾಕ್, ಮಕ್ಕಳೂ ಬರುವ ಫ್ಯಾಮಿಲಿ ಸೆಂಟರ್, ಮತ್ತು ನಿಮ್ಮ ಬೀದಿಗೆ ಬರುತ್ತಿರುವ ಅಡಲ್ಟ್ ಗೇಮಿಂಗ್ ಸೆಂಟರ್ (ದೊಡ್ಡವರಿಗೆ ಮಾತ್ರದ ಸ್ಲಾಟ್ ಮೆಷಿನ್ ಅಂಗಡಿ), ಪ್ರತಿಯೊಂದಕ್ಕೂ ಬೇರೆ ಬಗೆಯ ಲೈಸೆನ್ಸ್. ಒಂದು ಸಣ್ಣ ತಮಾಷೆ: 2007ರಲ್ಲಿ ಗೊತ್ತು ಮಾಡಿದ ಮಿತಿಯಂತೆ ಅಡಲ್ಟ್ ಗೇಮಿಂಗ್ ಸೆಂಟರ್‌ಗೆ ಅರ್ಜಿ ಹಾಕಲು ಗರಿಷ್ಠ ಶುಲ್ಕ 2,000 ಪೌಂಡ್, ವರ್ಷಕ್ಕೆ ಗರಿಷ್ಠ 1,000. ಬೆಟ್ಟಿಂಗ್ ಶಾಪ್‌ಗೆ ವರ್ಷಕ್ಕೆ 600. ಇವುಗಳ ಮಿತಿ ಕಟ್ಟಿರುವುದು ಸರ್ಕಾರವೇ. ಹಾಗಾಗಿ 'ದುಡ್ಡಿಗಾಗಿ ಕೌನ್ಸಿಲ್ ಲೈಸೆನ್ಸ್ ಕೊಡುತ್ತದೆ' ಎಂಬ ಮಾತು ಸುಮ್ನೆ. ಈ ಶುಲ್ಕ ತಪಾಸಣೆಯ ಖರ್ಚಿಗೆ ಇರುವುದು.

ಕಾಯ್ದೆಯ ಮೂರು ಉದ್ದೇಶಗಳು ಎಂದೆನಲ್ಲ, ನಿಮ್ಮ ಇಡೀ ಆಕ್ಷೇಪಣೆ ನಿಲ್ಲಬೇಕಾದದ್ದು ಅವುಗಳ ಮೇಲೆ. ಜೂಜು ಅಪರಾಧಕ್ಕೆ, ಗಲಭೆಗೆ ಮೂಲವಾಗಬಾರದು. ಆಟ ನ್ಯಾಯವಾಗಿ, ಮುಚ್ಚುಮರೆಯಿಲ್ಲದೆ ನಡೆಯಬೇಕು. ಮಕ್ಕಳಿಗೆ ಮತ್ತು ಜೂಜಿನ ಬಲೆಗೆ ಬೇಗ ಸಿಕ್ಕಿಬೀಳುವಂಥವರಿಗೆ ಹಾನಿಯಾಗಬಾರದು, ಅವರನ್ನು ಸುಲಿಯಬಾರದು. ಎರಡನೆಯದನ್ನು ಕಮಿಷನ್ ನೋಡಿಕೊಳ್ಳುತ್ತದೆ. ನಿಮಗೆ ಉಳಿಯುವುದು ಒಂದು ಮತ್ತು ಮೂರು.

ಹೆಂಡದಂಗಡಿಯ ಲೈಸೆನ್ಸ್ ವಿರುದ್ಧ ಹೋರಾಡಿ ಗೆದ್ದವರು ಎಡವುವುದು ಇಲ್ಲಿ. ಮದ್ಯದ ಕಾನೂನಿನಲ್ಲಿ 'ಸಾರ್ವಜನಿಕರಿಗೆ ಕಿರಿಕಿರಿ ತಡೆಯುವುದು' ಎಂಬ ಉದ್ದೇಶವೂ ಇದೆ. ಜೂಜಿನ ಕಾನೂನಿನಲ್ಲಿ ಅದಿಲ್ಲ. ಬಾಗಿಲ ಮುಂದೆ ನಿಂತು ಸಿಗರೇಟು ಸೇದುತ್ತಾರೆ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಗದ್ದಲ ಆಗುತ್ತದೆ ಎಂಬುದೆಲ್ಲ ನಿಜವೇ ಇರಬಹುದು. ಆದರೆ ಗಲಭೆ ಎಂದರೆ ಬರೀ ಕಿರಿಕಿರಿಗಿಂತ ಗಂಭೀರವಾದದ್ದು ಎಂದು ಕಮಿಷನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಜೂಜು ಪಾಪ, ಜೂಜು ಮನೆ ಹಾಳು ಮಾಡುತ್ತದೆ ಎಂಬ ನೀತಿಯ ಮಾತೂ ನಡೆಯುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಎರಡು ಪತ್ರ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು: 'ನಮ್ಮ ಊರಿನಲ್ಲಿ ಈಗಾಗಲೇ ಇಂಥವು ಸಾಕಷ್ಟಿವೆ. ಇದರಿಂದ ಬೀದಿಯ ಹೆಸರು ಕೆಡುತ್ತದೆ. ಮನೆ ಬೆಲೆ ಇಳಿಯುತ್ತದೆ. ದಯವಿಟ್ಟು ಅನುಮತಿ ಕೊಡಬೇಡಿ.' ಕೆಳಗೆ ಐನೂರು ಸಹಿ. ಇದರಲ್ಲಿ ಲೈಸೆನ್ಸಿಂಗ್ ಅಧಿಕಾರಿ ಬಳಸಬಹುದಾದ ಒಂದು ಸಾಲೂ ಇಲ್ಲ. ತೀರ್ಮಾನದ ಮೇಲೆ ಪರಿಣಾಮ ಬೀರುವ ಸಾಧ್ಯತೆಯೇ ಇಲ್ಲದ ಆಕ್ಷೇಪಣೆಗಳನ್ನು ಬದಿಗಿಡಲು ಕಾಯ್ದೆಯಲ್ಲಿ ಅವಕಾಶವಿದೆ. ಬಂದದ್ದೆಲ್ಲ ಹೀಗೇ ಇದ್ದರೆ ವಿಚಾರಣೆ ನಡೆಸದೆಯೇ ಲೈಸೆನ್ಸ್ ಕೊಟ್ಟುಬಿಡಬಹುದು.

ಎರಡನೆಯದು: 'ನಾನು ಈ ಕಟ್ಟಡದಿಂದ ಎರಡು ಮನೆ ಆಚೆ ವಾಸಿಸುತ್ತೇನೆ. ಇದರ ಎದುರು ಸಾಲಿನಲ್ಲೇ ಕುಡಿತ ಬಿಡಿಸುವ ಕೇಂದ್ರವಿದೆ, ಅಲ್ಲಿಗೆ ಬರುವವರು ಇದೇ ಬಾಗಿಲ ಮುಂದೆ ಬಸ್ಸಿಗೆ ಕಾಯುತ್ತಾರೆ. ಮನೆಯಿಲ್ಲದವರ ಹಾಸ್ಟೆಲ್ ಮೂಲೆಯಲ್ಲಿದೆ. ಅರ್ಜಿದಾರರ ಅಪಾಯ ಪರಿಶೀಲನೆಯಲ್ಲಿ ಇವೆರಡರ ಉಲ್ಲೇಖವೇ ಇಲ್ಲ. ರಾತ್ರಿ ಎಷ್ಟು ಸಿಬ್ಬಂದಿ ಇರುತ್ತಾರೆ ಎಂದೂ ಹೇಳಿಲ್ಲ. ಒಬ್ಬರೇ ಇದ್ದರೆ, ಕುಡಿದು ಬಂದವರನ್ನು ಹೊರಗೆ ಕಳಿಸುವುದು ಯಾರು?' ಸಹಿ ಒಂದೇ. ಆದರೆ ಇದನ್ನು ಬದಿಗಿಡಲಾಗುವುದಿಲ್ಲ.

ಎರಡನೆಯ ಪತ್ರದ ಬಲ ಎಲ್ಲಿದೆ ಗೊತ್ತಾ? ಅದು ಆ ಬಾಗಿಲ ಬಗ್ಗೆ ಮಾತನಾಡುತ್ತದೆ. ಬೇಗ ಸಿಕ್ಕಿಬೀಳುವವರು ಎಂದರೆ ಯಾರು ಎಂದು ಕಾಯ್ದೆ ವಿವರಿಸಿಲ್ಲ. ಮಾರ್ಗಸೂಚಿ ವಿವರಿಸಿದೆ: ತಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಡುವವರು, ಕೈಯಲ್ಲಿರುವುದಕ್ಕಿಂತ ಜಾಸ್ತಿ ಕಳೆಯುವವರು, ಮಾನಸಿಕ ಕಾಯಿಲೆ, ಕುಡಿತ ಅಥವಾ ಡ್ರಗ್ಸ್ ಕಾರಣದಿಂದ ಯೋಚಿಸಿ ನಿರ್ಧರಿಸಲಾಗದವರು. ಅಂಥವರು ಆ ಬಾಗಿಲ ಹತ್ತಿರ ಯಾಕೆ ಇರುತ್ತಾರೆ, ಯಾವ ಹೊತ್ತಿಗೆ ಇರುತ್ತಾರೆ ಎಂದು ತೋರಿಸಿ. ಅಪಾಯ ಪರಿಶೀಲನೆ ಎಂದೆನಲ್ಲ, 2016ರ ಏಪ್ರಿಲ್‌ನಿಂದ ಪ್ರತಿ ಜೂಜಿನಂಗಡಿಯೂ ತನ್ನ ಸುತ್ತಮುತ್ತಲಿನ ಅಪಾಯಗಳನ್ನು ಬರೆದಿಡಲೇಬೇಕು. ಅದನ್ನು ನೋಡಬಹುದಾ ಎಂದು ಲೈಸೆನ್ಸಿಂಗ್ ವಿಭಾಗಕ್ಕೆ ಇಮೇಲ್ ಮಾಡಿ ಕೇಳಿ. ಬೇರೆ ಊರಿಗೆ ಬರೆದದ್ದನ್ನೇ ಇಲ್ಲಿಗೂ ಅಂಟಿಸಿದ ಹಾಗೆ ಕಂಡರೆ, ನಿಮ್ಮ ಪತ್ರದ ಅರ್ಧ ಕೆಲಸ ಅವರೇ ಮಾಡಿಕೊಟ್ಟ ಹಾಗೆ.

ಜೊತೆಗೆ ಕೌನ್ಸಿಲ್‌ನ ಜೂಜಿನ ನೀತಿ ಓದಿ. ಪ್ರತಿ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ಜನರ ಅಭಿಪ್ರಾಯ ಕೇಳಿ ಇದನ್ನು ಹೊಸದಾಗಿ ಪ್ರಕಟಿಸಬೇಕು. ಕೆಲವು ಕೌನ್ಸಿಲ್‌ಗಳು ಇದರ ಜೊತೆಗೆ ಎಲ್ಲಿ ಶಾಲೆ, ಎಲ್ಲಿ ಹಾಸ್ಟೆಲ್, ಎಲ್ಲಿ ಬಡತನ ಜಾಸ್ತಿ ಎಂದು ತೋರಿಸುವ ಪ್ರದೇಶವಾರು ಚಿತ್ರಣವನ್ನೂ ಇಟ್ಟಿರುತ್ತವೆ. ನಿಮ್ಮ ಬೀದಿ ಅದರಲ್ಲಿದ್ದರೆ ಆ ಪುಟದ ಸಂಖ್ಯೆಯನ್ನೇ ಪತ್ರದಲ್ಲಿ ಬರೆಯಿರಿ. ಆ ನೀತಿಯ ಬಗ್ಗೆ ಅಭಿಪ್ರಾಯ ಕೇಳಿದಾಗ ಬರೆದು ಕಳಿಸುವವರು ಬೆರಳೆಣಿಕೆಯಷ್ಟು. ಜೂಜಿನ ಕಂಪನಿಗಳ ವಕೀಲರು ಮಾತ್ರ ತಪ್ಪದೆ ಕಳಿಸುತ್ತಾರೆ.

ಪತ್ರ ಬರೆಯಲು ಎಲ್ಲರಿಗೂ ಹಕ್ಕಿಲ್ಲ. ತೊಂದರೆಯಾಗುವಷ್ಟು ಹತ್ತಿರ ವಾಸಿಸುವವರು, ಅಲ್ಲಿ ವ್ಯಾಪಾರ ಇರುವವರು, ಅಥವಾ ಇಂಥವರ ಪ್ರತಿನಿಧಿಗಳು ಮಾತ್ರ ಬರೆಯಬಹುದು. ನಿಮ್ಮ ವಾರ್ಡ್ ಕೌನ್ಸಿಲರ್ ಅಥವಾ ಎಂಪಿ ನಿಮ್ಮ ಪರವಾಗಿ ಬರೆಯಬಹುದು. ಇವರಲ್ಲದೆ ಪೊಲೀಸ್, ಅಗ್ನಿಶಾಮಕ, ಪ್ಲಾನಿಂಗ್, ಪರಿಸರ ಆರೋಗ್ಯ, ಮಕ್ಕಳ ರಕ್ಷಣೆಯ ವಿಭಾಗಗಳಿಗೂ ಅರ್ಜಿಯ ಪ್ರತಿ ಹೋಗಿರುತ್ತದೆ. ಪೊಲೀಸರು ಸುಮ್ಮನಿದ್ದರೆ ಅಪರಾಧದ ವಾದ ಅಲ್ಲಿಗೆ ಬಹುತೇಕ ಮುಗಿಯಿತು. ಆದ್ದರಿಂದ ಈಗಿರುವ ಬೆಟ್ಟಿಂಗ್ ಶಾಪ್‌ಗಳ ಮುಂದೆ ಏನಾದರೂ ನಡೆದಿದ್ದರೆ, ಅದನ್ನು ಇವತ್ತೇ ನಿಮ್ಮ ಬಡಾವಣೆಯ ಪೊಲೀಸ್ ತಂಡದ ಗಮನಕ್ಕೆ ತನ್ನಿ. ದೂರೇ ದಾಖಲಾಗದ ಗಲಾಟೆಯನ್ನು ಯಾರೂ ನಂಬುವುದಿಲ್ಲ.

ವಾದ ಗಟ್ಟಿಯಿಲ್ಲದಿದ್ದರೆ ಕೌನ್ಸಿಲ್‌ಗೇ ಪೆಟ್ಟು ಬೀಳುತ್ತದೆ ಎನ್ನುವುದಕ್ಕೆ ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್‌ನ ಕತೆ ಸಾಕು. ಗ್ರೀನ್ ಸ್ಟ್ರೀಟ್‌ನಲ್ಲಿ ಪ್ಯಾಡಿ ಪವರ್ ಕಂಪನಿ ಬೆಟ್ಟಿಂಗ್ ಶಾಪ್‌ಗೆ ಅರ್ಜಿ ಹಾಕಿತ್ತು. ಇಲ್ಲಿ ನಡೆಯುವುದು ಕುದುರೆ ಬೆಟ್ಟಿಂಗ್ ಅಲ್ಲ, ಮೆಷಿನ್ ಆಟವೇ ಮುಖ್ಯ ಎಂದು ಕೌನ್ಸಿಲ್ ನಿರಾಕರಿಸಿತು. ಕಂಪನಿ ಮೇಲ್ಮನವಿ ಹೋಯಿತು, 2013ರಲ್ಲಿ ಗೆದ್ದಿತು. ಆಗ ಒಂದು ಶಾಪ್‌ಗೆ ನಾಲ್ಕೇ ಮೆಷಿನ್ ಎಂಬ ಮಿತಿ ಇತ್ತು, ಈಗಲೂ ಇದೆ. ಆ ಮೆಷಿನ್‌ಗಳಲ್ಲಿ ಒಂದು ಸಲಕ್ಕೆ 100 ಪೌಂಡ್‌ವರೆಗೆ ಕಟ್ಟಬಹುದಿತ್ತು. ಒಂದೇ ಅಂಗಡಿಯಲ್ಲಿ ಎಂಟು ಇಡುವಂತಿಲ್ಲ. ಹಾಗಾಗಿ ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆಯುವುದು ಲಾಭ. ಒಂದೇ ಬೀದಿಯಲ್ಲಿ ಬೆಟ್ಟಿಂಗ್ ಶಾಪ್‌ಗಳು ಸಾಲುಗಟ್ಟಲು ಇದೂ ಒಂದು ಕಾರಣ.

ಲೈಸೆನ್ಸ್ ದಾರಿಯಲ್ಲಿ ಸೋತ ನ್ಯೂಹ್ಯಾಮ್ ಆಮೇಲೆ ತೊಂಬತ್ತಕ್ಕೂ ಹೆಚ್ಚು ಕೌನ್ಸಿಲ್‌ಗಳನ್ನು ಸೇರಿಸಿಕೊಂಡು, ಪಣದ ಮಿತಿಯನ್ನು 2 ಪೌಂಡ್‌ಗೆ ಇಳಿಸಿ ಎಂದು ಸರ್ಕಾರಕ್ಕೆ ಬರೆಯಿತು. ಸರ್ಕಾರ ಒಪ್ಪಲು ವರ್ಷಗಳೇ ಬೇಕಾದವು. ಒಪ್ಪಿದ ಮೇಲೂ ಜಾರಿ ಮುಂದಕ್ಕೆ ಹೋಯಿತು ಎಂದು ಸಚಿವೆ ಟ್ರೇಸಿ ಕ್ರೌಚ್ 2018ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಕೊನೆಗೆ 2019ರ ಏಪ್ರಿಲ್ 1ರಿಂದ ಮಿತಿ 2 ಪೌಂಡ್ ಆಯಿತು. ಕೌನ್ಸಿಲ್‌ಗಳು ಸೇರಿ ಗಲಾಟೆ ಮಾಡಿದ್ದರಿಂದ ಕಾನೂನು ಬದಲಾಯಿತು. ಲೈಸೆನ್ಸ್ ಕಮಿಟಿಯಲ್ಲಿ ಕೂತು ಅದನ್ನು ಮಾಡಲಾಗಲಿಲ್ಲ.

ಈಗ ಪ್ಲಾನಿಂಗ್‌ಗೆ ಬರೋಣ. ನಿಮ್ಮ ವಿಷಯದಲ್ಲಿ ನಾನು ಜಾಸ್ತಿ ಭರವಸೆ ಇಡುವುದು ಇದರ ಮೇಲೆ. ಇಂಗ್ಲೆಂಡಿನಲ್ಲಿ ಬ್ಯಾಂಕ್, ಅಂಗಡಿ, ಕೆಫೆ, ಆಫೀಸು ಎಲ್ಲ ಒಂದೇ ವರ್ಗಕ್ಕೆ ಸೇರುತ್ತವೆ, ಒಂದರಿಂದ ಇನ್ನೊಂದಕ್ಕೆ ಅನುಮತಿಯಿಲ್ಲದೆ ಬದಲಾಯಿಸಬಹುದು. ಸ್ಲಾಟ್ ಮೆಷಿನ್ ಅಂಗಡಿ ಆ ವರ್ಗದಲ್ಲಿಲ್ಲ. ಬೆಟ್ಟಿಂಗ್ ಶಾಪನ್ನೂ 2015ರ ಏಪ್ರಿಲ್‌ನಲ್ಲಿ, ಬ್ಯಾಂಕುಗಳು ಆಗ ಇದ್ದ ವರ್ಗದಿಂದ ಹೊರಗೆ ತೆಗೆದರು. ಹಾಗಾಗಿ ಬ್ಯಾಂಕಿನ ಕಟ್ಟಡದಲ್ಲಿ ಮೆಷಿನ್ ಇಡಬೇಕಾದರೆ ಕಟ್ಟಡದ ಬಳಕೆ ಬದಲಾಯಿಸಲು ಪ್ಲಾನಿಂಗ್ ಅನುಮತಿ ಬೇಕು. ಲೈಸೆನ್ಸ್‌ನಲ್ಲಿ ನಡೆಯದ ಗದ್ದಲದ ವಾದ, ಮೇಲಿನ ಮಹಡಿಯಲ್ಲಿ ಮಲಗುವವರ ನಿದ್ದೆ, ಬೀದಿಯ ಅಂಗಡಿಗಳ ನಡುವೆ ಮುಚ್ಚಿದ ಗಾಜಿನ ಮುಖ, ಒಂದೇ ಕಡೆ ಜೂಜಿನಂಗಡಿಗಳ ಗುಂಪು, ಇವೆಲ್ಲ ಅಲ್ಲಿ ನಡೆಯುವ ವಾದಗಳು. ಊರಿನ ಲೋಕಲ್ ಪ್ಲಾನ್‌ನಲ್ಲಿ, ಅಂದರೆ ಊರು ಹೇಗೆ ಬೆಳೆಯಬೇಕೆಂದು ಕೌನ್ಸಿಲ್ ಮಾಡಿಟ್ಟ ಯೋಜನೆಯಲ್ಲಿ, ಇದರ ಬಗ್ಗೆ ನೀತಿ ಇದ್ದರೆ ಇನ್ನೂ ಬಲ. ಅಲ್ಲಿಯೂ ಕಂಪನಿ ಸೋತರೆ ಪ್ಲಾನಿಂಗ್ ಇನ್‌ಸ್ಪೆಕ್ಟರ್ ಹತ್ತಿರ ಮೇಲ್ಮನವಿ ಹೋಗಬಹುದು, ಎಷ್ಟೋ ಸಲ ಗೆಲ್ಲುತ್ತಾರೆ ಕೂಡ. ಆದರೂ ರಾತ್ರಿ ಇಷ್ಟು ಗಂಟೆಗೆ ಮುಚ್ಚಬೇಕು ಎಂಬ ಷರತ್ತು ಉಳಿಯುವ ಸಾಧ್ಯತೆ ಇದೆ. ನೆನಪಿಡಿ, ಲೈಸೆನ್ಸ್ ಕಮಿಟಿಯ ಮುಂದೆ 'ಇವರಿಗೆ ಪ್ಲಾನಿಂಗ್ ಸಿಕ್ಕಿಲ್ಲ' ಎನ್ನಬೇಡಿ. ಅದನ್ನು ಅವರು ಕಿವಿಗೂ ಹಾಕಿಕೊಳ್ಳುವಂತಿಲ್ಲ.

24 ಗಂಟೆಯ ವಿಷಯ. ಬೆಟ್ಟಿಂಗ್ ಶಾಪ್ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರಬೇಕು. ಅಡಲ್ಟ್ ಗೇಮಿಂಗ್ ಸೆಂಟರ್‌ಗೆ ಅಂಥ ಹೊತ್ತಿನ ಮಿತಿಯೇ ಕಾನೂನಿನಲ್ಲಿಲ್ಲ. ಅಲ್ಲಿ ಕುಡಿಯುವಂತಿಲ್ಲ, 18 ತುಂಬದವರು ಬರುವಂತಿಲ್ಲ, ಎಟಿಎಂ ಇದ್ದರೆ ಆಟ ಬಿಟ್ಟು ಎದ್ದು ಹೋಗಿ ದುಡ್ಡು ತೆಗೆಯುವ ಹಾಗೆ ಇಡಬೇಕು ಎಂಬ ಷರತ್ತುಗಳಿವೆ, ಆದರೆ ಗಡಿಯಾರ ಇಲ್ಲ. ಹಾಗಾಗಿ ಅನುಮತಿಯನ್ನೇ ತಡೆಯುವುದಕ್ಕಿಂತ ಹೊತ್ತನ್ನು ಕತ್ತರಿಸುವುದು ಸುಲಭ. ನಾನಾದರೆ ಪತ್ರದ ಕೊನೆಯಲ್ಲಿ ಹೀಗೆ ಕೇಳುತ್ತೇನೆ: ಅನುಮತಿ ಕೊಡುವುದೇ ಆದರೆ ನಡುರಾತ್ರಿಗೆ ಬಾಗಿಲು ಮುಚ್ಚಿಸಿ, ಸಂಜೆಯ ಮೇಲೆ ಕನಿಷ್ಠ ಇಬ್ಬರು ಸಿಬ್ಬಂದಿ ಇರಲಿ, ಒಳಗಿನಿಂದ ತೆರೆಯುವ ಬೀಗ ಇರಲಿ, ಸಿಸಿಟಿವಿ ಇರಲಿ, 25ಕ್ಕಿಂತ ಚಿಕ್ಕವರಂತೆ ಕಂಡವರ ಗುರುತಿನ ಚೀಟಿ ನೋಡಲಿ. ಇಂಥ ಷರತ್ತುಗಳಿಗೆ ಕಂಪನಿಗಳು ವಿಚಾರಣೆಗೆ ಮುಂಚೆಯೇ ಒಪ್ಪಿಕೊಳ್ಳುವುದುಂಟು. ಮೆಷಿನ್‌ಗಳ ಸಂಖ್ಯೆ, ಪಣದ ಮೊತ್ತ, ಬಹುಮಾನ ಇವುಗಳ ಮೇಲೆ ಕೌನ್ಸಿಲ್ ಷರತ್ತು ಹಾಕುವಂತಿಲ್ಲ, ಕೇಳಿ ಸಮಯ ಹಾಳು ಮಾಡಬೇಡಿ.

ವಿಚಾರಣೆ ಕೋರ್ಟಿನ ಹಾಗೆ ಇರುವುದಿಲ್ಲ. ಸಾಮಾನ್ಯವಾಗಿ ಮೂವರು ಕೌನ್ಸಿಲರ್‌ಗಳು ಮೇಜಿನ ಆಚೆ ಕೂತಿರುತ್ತಾರೆ, ಪಕ್ಕದಲ್ಲಿ ಕೌನ್ಸಿಲ್ ವಕೀಲರು. ಕಂಪನಿ ಪರ ಇದನ್ನೇ ದಿನಾ ಮಾಡುವ ವಕೀಲರು ಬರುತ್ತಾರೆ, ಬಹಳ ವಿನಯವಾಗಿ ಮಾತಾಡುತ್ತಾರೆ. ನಿಮಗೆ ಸಿಗುವುದು ಕೆಲವೇ ನಿಮಿಷ. ಪತ್ರದಲ್ಲಿ ಬರೆದದ್ದನ್ನು ಓದಬೇಡಿ, ಅದು ಅವರ ಮುಂದಿದೆ. ಆ ಬಸ್ ಸ್ಟಾಪಿನ ಫೋಟೊ ತೋರಿಸಿ. ತೀರ್ಮಾನ ಹಿಡಿಸದಿದ್ದರೆ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಈ ಹಕ್ಕು ಆಕ್ಷೇಪಣೆ ಬರೆದವರಿಗೂ ಇದೆ. ಆದರೆ ಸೋತರೆ ಖರ್ಚು ಮೈಮೇಲೆ ಬರಬಹುದು, ವಕೀಲರನ್ನು ಕೇಳದೆ ಇಳಿಯಬೇಡಿ. ಅಂಗಡಿ ತೆರೆದ ಮೇಲೂ ದಾರಿ ಮುಚ್ಚುವುದಿಲ್ಲ. ಮಕ್ಕಳನ್ನು ಒಳಗೆ ಬಿಟ್ಟರು, ಷರತ್ತು ಮುರಿದರು ಎಂದು ಸಾಕ್ಷಿ ಸಿಕ್ಕಿದರೆ ಲೈಸೆನ್ಸ್ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಆಗ ಷರತ್ತು ಬಿಗಿಯಾಗಬಹುದು, ಲೈಸೆನ್ಸ್ ಅಮಾನತಾಗಬಹುದು, ರದ್ದೂ ಆಗಬಹುದು.

ಒಂದೇ ಕಡೆ ಜೂಜಿನಂಗಡಿಗಳು ತುಂಬಿಕೊಂಡಿವೆ ಎಂಬುದನ್ನೇ ಕಾರಣವಾಗಿ ಬಳಸುವ ಅಧಿಕಾರ ಕೌನ್ಸಿಲ್‌ಗಳಿಗೆ ಕೊಡುತ್ತೇವೆ ಎಂದು ಸರ್ಕಾರ 2023ರ ಏಪ್ರಿಲ್‌ನ ಶ್ವೇತಪತ್ರದಲ್ಲಿ ಹೇಳಿತ್ತು. ಪತ್ರ ಬರೆಯುವ ಮುಂಚೆ ಅದು ಎಲ್ಲಿಗೆ ಬಂದಿದೆ ಎಂದು ನಿಮ್ಮ ಲೈಸೆನ್ಸಿಂಗ್ ವಿಭಾಗಕ್ಕೆ ಫೋನ್ ಮಾಡಿ ಕೇಳಿ. ಜಾರಿಗೆ ಬಂದಿದ್ದರೆ ನಿಮ್ಮ ಮೂರು ಬೆಟ್ಟಿಂಗ್ ಶಾಪ್‌ಗಳ ಲೆಕ್ಕಕ್ಕೆ ಬೆಲೆ ಬರುತ್ತದೆ.

ಇನ್ನು ಕನ್ನಡ ಕೂಟದ ರಾಫೆಲ್. ಹೆದರಿಸಿದವರು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ರಾಫೆಲ್ ಕಾನೂನಿನ ಕಣ್ಣಿಗೆ ಲಾಟರಿಯೇ. ಆದರೆ ಕಾರ್ಯಕ್ರಮ ನಡೆಯುವ ಜಾಗದಲ್ಲೇ, ನಡೆಯುವ ಹೊತ್ತಿನಲ್ಲೇ ಟಿಕೆಟ್ ಮಾರಿದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಯಾರ ಜೇಬಿಗೂ ಲಾಭ ಹೋಗಬಾರದು. ಬಂದ ದುಡ್ಡಿನಲ್ಲಿ ಬಹುಮಾನಕ್ಕೆ 500 ಪೌಂಡ್, ಖರ್ಚಿಗೆ 100 ಪೌಂಡ್‌ಗಿಂತ ಜಾಸ್ತಿ ತೆಗೆಯಬಾರದು. ಯಾರೋ ದಾನ ಕೊಟ್ಟ ಬಹುಮಾನ ಈ ಲೆಕ್ಕಕ್ಕೆ ಬರುವುದಿಲ್ಲ.

ಟಿಕೆಟ್‌ಗಳನ್ನು ವಾರಗಳ ಮುಂಚೆಯೇ ಹೊರಗಿನವರಿಗೆಲ್ಲ ಮಾರುತ್ತೀರಾದರೆ ಮಾತು ಬೇರೆ. ಆಗ ಕೂಟವನ್ನು ಸಣ್ಣ ಲಾಟರಿ ನಡೆಸುವ ಸಂಘ ಎಂದು ನಿಮ್ಮ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಮೊದಲ ಸಲ 40 ಪೌಂಡ್, ಆಮೇಲೆ ವರ್ಷಕ್ಕೆ 20. ಒಂದು ಡ್ರಾಗೆ 20,000 ಪೌಂಡ್, ವರ್ಷಕ್ಕೆ 2,50,000 ಪೌಂಡ್ ದಾಟದಷ್ಟು ಮಾರಬಹುದು. ಕನಿಷ್ಠ ನೂರಕ್ಕೆ 20 ಭಾಗ ಕೂಟದ ಉದ್ದೇಶಕ್ಕೇ ಹೋಗಬೇಕು. ಟಿಕೆಟ್ ಮೇಲೆ ಕೂಟದ ಹೆಸರು, ಬೆಲೆ, ನಡೆಸುವವರ ಹೆಸರು ವಿಳಾಸ, ಡ್ರಾ ತಾರೀಖು ಇರಬೇಕು. ಎಲ್ಲ ಟಿಕೆಟ್‌ಗೂ ಒಂದೇ ಬೆಲೆ ಇರಬೇಕು. 'ಐದು ತಗೊಂಡರೆ ಒಂದು ಫ್ರೀ' ಎನ್ನುವ ಖಜಾಂಚಿಯನ್ನು ಸ್ವಲ್ಪ ತಡೆಯಿರಿ. ಡ್ರಾ ಆದ ಮೂರು ತಿಂಗಳೊಳಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವನ್ನು ಕೌನ್ಸಿಲ್‌ಗೆ ಕಳಿಸಬೇಕು. ಫಾರಂ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ.